ದುಭಾಷಿಯ ಪದಚ್ಛೇದ

ಕನ್ನಡ ಪಾಠ ಹೇಳುವವನು ಗಣಕಯಂತ್ರದ ವಿಷಯವಾಗಿ ಬರೆಯಲು ಕುಳಿತರೆ, ಇವನಿಗೇಕೆ ಈ ಉಸಾಬರಿ ಎಂದು ಓದುಗರು ಕೇಳುವುದು ನ್ಯಾಯವೇ. ನನಗೂ ಈ ಉಸಾಬರಿ ಬೇಕಿರಲಿಲ್ಲ. ಆದರೆ ೨೦೧೯ನೆಯ ಇಸವಿಯ ಬೇಸಿಗೆಯಲ್ಲಿ ಹಂತಿಯ ಹಾಡುಗಳನ್ನು ಬರೆದಿಟ್ಟಿದ್ದ ಒಂದು ನೋಟುಬುಕ್ಕು ನನ್ನ ಕೈಗೆ ಬಂದಿತು. ಅದೇ ವರ್ಷದ ದಸರೆಯ ಹೊತ್ತಿಗೆ ಅದರ ಎಂಬತ್ತು ಪುಟಗಳು ಲೋಕದಿಂದಲೇ ಇಲ್ಲವಾದವು. ಅರ್ಧ ದೋಷ ಮಳೆಯದು, ಅರ್ಧ ನನ್ನದು. ನನ್ನ ಪಾಲಿನ ದೋಷವಾದರೂ ಎಷ್ಟು ದೊಡ್ಡದು? ಎರಡು ಪದಗಳ ನಡುವೆ ನಾವು ಬಿಡುತ್ತೇವಲ್ಲ, ಆ ತೆರಪಿನಷ್ಟು. ಹತ್ತಾರು ವರ್ಷ ತರಗತಿಯಲ್ಲಿ ಪದಚ್ಛೇದವನ್ನು ಪಾಠ ಹೇಳಿದವನು ಪದಚ್ಛೇದದಲ್ಲಿಯೇ ಎಡವಿದ ಈ ಕಥೆಯನ್ನು ಹೇಳಿಕೊಳ್ಳಲು ನಾಚಿಕೆಯೆನಿಸಿದರೂ, ಹಳೆಯ ಬರಹಗಳನ್ನು ಯಂತ್ರಕ್ಕೆ ಒಪ್ಪಿಸುವ ಕೆಲಸದಲ್ಲಿ ತೊಡಗಿರುವ ನಮ್ಮ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಇದರಿಂದ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮ ನಿಡಗುಂದಿಗೆ ಆಲಮಟ್ಟಿ ಕೂಗಳತೆಯಲ್ಲದಿದ್ದರೂ ದೂರವೇನಲ್ಲ. ಅಲ್ಲಿಯ ಅಣೆಕಟ್ಟಿಗೆ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಇರಿಸಿದುದು ೧೯೬೪ನೆಯ ಮೇ ೨೨ರಂದು. ಕಟ್ಟಡ ಪೂರ್ಣವಾಗಲು ನಾಲ್ವತ್ತು ವರ್ಷಗಳು ಹಿಡಿದವು. ಇಂದು ೫೧೯.೬೦ ಮೀಟರಿನ ಮಟ್ಟಕ್ಕೆ ನೀರು ನಿಂತಾಗ, ಒಂದು ಕಾಲಕ್ಕೆ ಬಿಳಿಜೋಳದ ಕಣಗಳಿದ್ದ ಎಷ್ಟೋ ನೆಲ ಅದರ ತಳದಲ್ಲಿರುತ್ತದೆ. ಕಣದ ನಡುವೆ ಮೇಟಿ ನೆಟ್ಟು, ಅದಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ, ಹರಡಿದ ತೆನೆಯ ಮೇಲೆ ಸುತ್ತು ಹೊಡೆಯಿಸುವುದಕ್ಕೆ ನಮ್ಮ ಕಡೆ ಹಂತಿ ಹೊಡೆಯುವುದೆನ್ನುತ್ತಾರೆ. ರಾತ್ರಿಯ ಆ ಕೆಲಸದಲ್ಲಿ ನಿದ್ದೆ ಬರದಿರಲೆಂದು ಒಬ್ಬ ಮುಂದೆ ಹೇಳಿ ಉಳಿದವರು ಹಿಂದೆ ಹಿಡಿಯುತ್ತಿದ್ದ ಹಾಡುಗಳೇ ಹಂತಿಯ ಪದಗಳು. ಊರು ಮುಳುಗಿತು, ರಾಶಿ ಮಾಡಲು ಯಂತ್ರ ಬಂದಿತು, ಹಾಡಿಗೆ ಎಡೆಯೇ ಉಳಿಯಲಿಲ್ಲ.

ಮುಳುಗಡೆಯಿಂದ ಪುನರ್ವಸತಿ ಕೇಂದ್ರಕ್ಕೆ ಬಂದು ನೆಲೆಸಿದ ಒಬ್ಬ ವೃದ್ಧ ರೈತರು, ತಮ್ಮ ತಂದೆ ಹಾಡುತ್ತಿದ್ದುದನ್ನು ೨೧೨ ಪುಟಗಳ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದರು. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದವರು. ಕಾಗದ ಉಳಿಯಲೆಂದು ಪದಗಳ ನಡುವೆ ತೆರಪನ್ನೇ ಬಿಟ್ಟಿರಲಿಲ್ಲ. ತಾಳೆಗರಿಯ ಲಿಪಿಕಾರರಂತೆ ಸಾಲಿನ ತುದಿಯಿಂದ ತುದಿಗೆ ಅಕ್ಷರಗಳ ಮೆರವಣಿಗೆ. ನೋಟುಬುಕ್ಕನ್ನು ಮನೆಗೆ ಒಯ್ಯಲು ಅವರು ಒಪ್ಪಲಿಲ್ಲ. ಅವರ ಕಟ್ಟೆಯ ಮೇಲೆಯೇ ಕುಳಿತು ಎರಡು ಮುಂಜಾವುಗಳಲ್ಲಿ ೨೧೨ ಪುಟಗಳ ಛಾಯಾಚಿತ್ರಗಳನ್ನು ಫೋನಿನಿಂದ ತೆಗೆದುಕೊಂಡೆ.

ಚಿತ್ರಗಳು ಕೆಲವು ಅಡ್ಡಬಿದ್ದಿದ್ದವು, ಕೆಲವು ಕತ್ತಲೆಯಾಗಿದ್ದವು. ಅವುಗಳನ್ನು ತಿರುಗಿಸಿ, ಬೆಳಕು ಸರಿಪಡಿಸಿ, ಅಳತೆ ಬದಲಿಸಲು ಇಮೇಜ್‌ಮ್ಯಾಜಿಕ್ ಎಂಬ ಸಲಕರಣೆ ಬಹಳ ಒಳ್ಳೆಯದು. ಅದನ್ನು ಕರೆಯುವುದು ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದು. ೨೧೨ ಸಲ ಆ ಸಾಲನ್ನು ಯಾರು ಬರೆದಾರು? ಆ ಹೊತ್ತಿಗೆ ನಾನು ಹಳೆಯ ವಿದ್ಯಾರ್ಥಿಯೊಬ್ಬನಿಂದ ಪೈಥಾನ್ ಭಾಷೆಯ ನಾಲ್ಕು ಅಕ್ಷರ ಕಲಿತಿದ್ದೆ. ಪೈಥಾನಿನೊಳಗಿನಿಂದಲೇ ಆ ಕಪ್ಪು ಪರದೆಯ ಆಜ್ಞೆಗಳನ್ನು ಹೊರಡಿಸಬಹುದು, ಒಂದು ಆವೃತ್ತಿಯಲ್ಲಿ ಕಟ್ಟಿಬಿಟ್ಟರೆ ೨೧೨ ಚಿತ್ರಗಳೂ ತಾವಾಗಿಯೇ ಸರಿಯಾಗುವುವು ಎಂದು ಅವನು ತೋರಿಸಿಕೊಟ್ಟನು. ಆ ದಿನ ನನಗಾದ ಸಂತೋಷ ಸಣ್ಣದಲ್ಲ.

ಇಲ್ಲಿ ಆ ಕಪ್ಪು ಪರದೆಯ ಹಿಂದೆ ಕುಳಿತವನ ಪರಿಚಯವನ್ನು ಮಾಡಿಕೊಡಬೇಕು. ಅವನ ಹೆಸರು ಶೆಲ್, ಎಂದರೆ ಚಿಪ್ಪು. ಯಂತ್ರದ ತಿರುಳಿನ ಸುತ್ತ ಇರುವ ಹೊದಿಕೆಯೆಂಬ ಅರ್ಥದಲ್ಲಿ ಫ್ರಾನ್ಸಿನ ಲೂಯಿ ಪೂಜಾಂ ಎಂಬಾತ ೧೯೬೦ರ ದಶಕದ ನಡುವಿನಲ್ಲಿ ಈ ಹೆಸರನ್ನು ಬಳಕೆಗೆ ತಂದನು. ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಹುಟ್ಟಿದಾಗ ಕೆನ್ ಥಾಂಪ್ಸನ್ ಒಂದು ಶೆಲ್ ಬರೆದನು. ೧೯೭೯ರಲ್ಲಿ ಸ್ಟೀಫನ್ ಬೋರ್ನ್ ಬರೆದ ಶೆಲ್ ಹೊರಬಂದಿತು. ೧೯೮೯ರಲ್ಲಿ ಬ್ರಯನ್ ಫಾಕ್ಸನ ಬ್ಯಾಶ್ ಬಂದಿತು. ಹೆಸರು ಚಿಪ್ಪಾದರೂ ಇವನ ವೃತ್ತಿ ದುಭಾಷಿಯದು. ನಾವು ಒಂದು ವಾಕ್ಯ ಬರೆಯುತ್ತೇವೆ. ಅದನ್ನು ತೆರಪು ಕಂಡಲ್ಲಿ ಕತ್ತರಿಸಿ, ಮೊದಲ ತುಂಡನ್ನು ಕೆಲಸಗಾರನ ಹೆಸರೆಂದೂ ಉಳಿದ ತುಂಡುಗಳನ್ನು ಅವನಿಗೆ ಕೊಡಬೇಕಾದ ಸಾಮಗ್ರಿಯೆಂದೂ ತಿಳಿದು, ತಕ್ಕ ಕೆಲಸಗಾರನನ್ನು ಕರೆದು ಒಪ್ಪಿಸುತ್ತಾನೆ.

ಒಂದು ಪ್ರೋಗ್ರಾಮು ಇನ್ನೊಂದನ್ನು ನಡೆಯಿಸುವ ಬಗೆ ನಮ್ಮ ದೊಡ್ಡಾಟದ ಚೌಕಿಯನ್ನು ನೆನಪಿಗೆ ತರುತ್ತದೆ. ಮೊದಲನೆಯದು ತನ್ನನ್ನೇ ಹೋಲುವ ಒಂದು ಕೂಸನ್ನು ಹುಟ್ಟಿಸುತ್ತದೆ. ಇದಕ್ಕೆ ಫೋರ್ಕ್ ಎನ್ನುತ್ತಾರೆ. ಆ ಕೂಸು ತಾಯಿಯ ರೂಪವನ್ನು ಕಳಚಿ ಬೇರೊಂದು ಪ್ರೋಗ್ರಾಮಿನ ವೇಷ ಕಟ್ಟುತ್ತದೆ. ಇದಕ್ಕೆ ಎಕ್ಸೆಕ್ ಎಂದು ಹೆಸರು. ಆಟ ಮುಗಿಯುವವರೆಗೆ ತಾಯಿ ಕಾಯುತ್ತಾಳೆ. ಮುಗಿದ ಮೇಲೆ ಕೂಸು ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ: ಸೊನ್ನೆಯಾದರೆ ಕೆಲಸ ಸಾಂಗವಾಯಿತು, ಬೇರೆ ಯಾವುದಾದರೂ ಆದರೆ ಏನೋ ಕೆಟ್ಟಿತು. ನಮ್ಮ ಪರೀಕ್ಷೆಗಳಲ್ಲಿ ಸೊನ್ನೆ ಬಂದರೆ ನಪಾಸು, ಅಲ್ಲಿ ಸೊನ್ನೆಯೇ ಪಾಸು. ಈ ವಿಪರ್ಯಾಸವನ್ನು ನಾನು ಆಗ ಅರಿತಿದ್ದರೆ!

ಪೈಥಾನಿನಲ್ಲಿ ಈ ಕೆಲಸಕ್ಕೆ ಹಳೆಯ ದಾರಿಯೊಂದಿದೆ, 'ಓಎಸ್ ಡಾಟ್ ಸಿಸ್ಟಮ್' ಎಂದು. ಅದಕ್ಕೆ ಒಂದು ವಾಕ್ಯ ಕೊಟ್ಟರೆ ಅದನ್ನು ಇಡಿಯಾಗಿ ಶೆಲ್ಲಿನ ಕೈಗಿಡುತ್ತದೆ. ಜುಪಿಟರ್ ನೋಟ್‌ಬುಕ್ ಎಂಬ ಬರವಣಿಗೆಯ ಹಾಳೆಯಲ್ಲಾದರೆ ಇನ್ನೂ ಸುಲಭ. ಸಾಲಿನ ಮೊದಲಿಗೆ ಆಶ್ಚರ್ಯಸೂಚಕ ಚಿಹ್ನೆಯೊಂದನ್ನು ಹಾಕಿದರೆ ಆ ಸಾಲು ಶೆಲ್ಲಿಗೆ ಹೋಗುತ್ತದೆ. ಆಶ್ಚರ್ಯಕ್ಕೂ ಶೋಕಕ್ಕೂ ನಾವು ಒಂದೇ ಚಿಹ್ನೆಯನ್ನು ಬಳಸುತ್ತೇವೆಂಬುದು ಅಲ್ಲಿಯೂ ನಿಜವಾಗುತ್ತದೆ.

ಈಗ ಅನಾಹುತದ ವಿಷಯ. ಮೂಲ ಚಿತ್ರಗಳೆಲ್ಲ 'ಹಂತಿ' ಎಂಬ ಫೋಲ್ಡರಿನಲ್ಲಿದ್ದವು. ಪ್ರಯೋಗಕ್ಕೆಂದು ಮೊದಲ ಅರವತ್ತು ಪುಟಗಳನ್ನು ತೀರ ಚಿಕ್ಕದಾಗಿ ಕುಗ್ಗಿಸಿ ಬೇರೊಂದು ಫೋಲ್ಡರಿನಲ್ಲಿ ಇಟ್ಟಿದ್ದೆ. ಅದರ ಹೆಸರು 'ಹಂತಿ ಹಳೆಯದು'. ಪ್ರಯೋಗ ಮುಗಿದ ಮೇಲೆ ಈ ಎರಡನೆಯದನ್ನು ಅಳಿಸಬೇಕೆನಿಸಿತು. 'ಆರ್‌ಎಮ್' ಎಂಬುದು ಅಳಿಸುವ ಆಜ್ಞೆ. ಅದರ ಮುಂದೆ ಒಂದು ಗೆರೆಯೆಳೆದು 'ಆರ್' ಬರೆದರೆ ಒಳಗಿನ ಸಮಸ್ತವನ್ನೂ ಸೇರಿಸಿ ಅಳಿಸೆಂದು ಅರ್ಥ. ಆ ಆಜ್ಞೆಯ ಬಾಲಕ್ಕೆ ಫೋಲ್ಡರಿನ ಹೆಸರನ್ನು ಅಂಟಿಸಿ, ವಾಕ್ಯವನ್ನು ಸಿಸ್ಟಮ್ಮಿಗೆ ಒಪ್ಪಿಸಿದೆ.

ದುಭಾಷಿಯು ತೆರಪು ಕಂಡಲ್ಲಿ ಕತ್ತರಿಸಿದನು. ಅವನ ಪಾಲಿಗೆ ಅದು ಒಂದು ಹೆಸರಾಗಿರಲಿಲ್ಲ, 'ಹಂತಿ' ಮತ್ತು 'ಹಳೆಯದು' ಎಂಬ ಎರಡು ಹೆಸರುಗಳಾಗಿದ್ದವು. ಆರ್‌ಎಮ್ ಮೊದಲು 'ಹಂತಿ'ಯನ್ನು, ಎಂದರೆ ೨೧೨ ಮೂಲ ಚಿತ್ರಗಳನ್ನು, ಸದ್ದಿಲ್ಲದೆ ಅಳಿಸಿತು. ಅನಂತರ 'ಹಳೆಯದು' ಎಂಬುದನ್ನು ಹುಡುಕಿ, ಅಂಥದು ಇಲ್ಲವೆಂದು ದೂರಿತು. ಆ ದೂರಿನ ಸಾಲು ನನ್ನ ಹಾಳೆಯ ಹಿಂದೆ ಮರೆಯಾಗಿದ್ದ ಕಪ್ಪು ಪರದೆಯಲ್ಲಿ ಬಿದ್ದಿತ್ತು. ನನ್ನ ಹಾಳೆಯ ಮೇಲೆ ಮೂಡಿದುದು ಒಂದು ಸಂಖ್ಯೆ ಮಾತ್ರ: ೨೫೬. ಅಳಿಸಿದ ಫೈಲುಗಳ ಲೆಕ್ಕವಿರಬೇಕೆಂದು ತಿಳಿದು, ಇಷ್ಟೊಂದು ಕಸವಿತ್ತೇ ಎಂದು ಸಮಾಧಾನಪಟ್ಟು ಯಂತ್ರವನ್ನು ಮುಚ್ಚಿದೆ. ಕೂಸು ಬಿಟ್ಟುಹೋದ ಸಂಖ್ಯೆ ಒಂದು, ಎಂದರೆ 'ಕೆಟ್ಟಿತು'. ಸಿಸ್ಟಮ್ ಎಂಬುದು ಯುನಿಕ್ಸಿನ ಮನೆಯಲ್ಲಿ ಆ ಒಂದನ್ನು ೨೫೬ರಿಂದ ಗುಣಿಸಿ ಹೇಳುವ ಪದ್ಧತಿಯುಳ್ಳದ್ದು ಎಂದು ಯಾರು ಬಲ್ಲರು?

ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದ ಆ ವರ್ಷದ ಮಳೆಯನ್ನು ನಮ್ಮ ಕಡೆಯವರು ಮರೆಯುವಂತಿಲ್ಲ. ದಸರೆಯ ರಜೆಯಲ್ಲಿ ನಾನು ಫೋಲ್ಡರನ್ನು ತೆರೆಯಹೋದೆ, ಅದು ಇರಲಿಲ್ಲ. ಆರ್‌ಎಮ್ ಅಳಿಸಿದ್ದು ಕಸದಬುಟ್ಟಿಗೆ ಬೀಳುವುದಿಲ್ಲ, ನೇರವಾಗಿ ಹೋಗುತ್ತದೆ. ಫೋನಿನಲ್ಲಿಯೂ ಜಾಗ ಸಾಲದೆಂದು ನಾನೇ ಅಳಿಸಿದ್ದೆ. ಓಡುತ್ತ ವೃದ್ಧರ ಮನೆಗೆ ಹೋದರೆ, ತಗಡಿನ ಸಂದಿನಿಂದ ಸೋರಿದ ನೀರು ಪೆಟ್ಟಿಗೆಯೊಳಗಿಳಿದು ನೋಟುಬುಕ್ಕಿನ ಮೊದಲ ೧೪೦ ಪುಟಗಳು ಒಂದಕ್ಕೊಂದು ಅಂಟಿ ಗಟ್ಟಿಯಾದ ಹಲಗೆಯಂತಾಗಿದ್ದವು. ಕೊನೆಯ ೭೨ ಪುಟ ಚೆನ್ನಾಗಿದ್ದವು. ಮೊದಲ ಅರವತ್ತು ಪುಟಗಳು, ನಾನು ಅಳಿಸಹೊರಟಿದ್ದ ಆ ಚಿಕ್ಕ ಚಿತ್ರಗಳಲ್ಲಿ, ಕಣ್ಣು ಕಿರಿದುಮಾಡಿ ಓದಿದರೆ ಓದಲು ಬರುವಂತೆ ಉಳಿದಿದ್ದವು. ನಡುವಿನ ಎಂಬತ್ತು ಎಲ್ಲಿಯೂ ಇಲ್ಲ.

"ಸರ್, ನೀವು ಶೆಲ್ಲಿಗೆ ಮಾತು ಕೊಟ್ಟೀರಿ, ಪದಾ ಕೊಡಲಿಲ್ರಿ" ಎಂದನು ನನ್ನ ಹಳೆಯ ವಿದ್ಯಾರ್ಥಿ, ನಡೆದುದನ್ನು ಕೇಳಿದ ಮೇಲೆ.

"ಅಂದ್ರ ಏನೋ ತಮ್ಮಾ?"

"ಇಡೀ ವಾಕ್ಯ ಒಂದ ದಾರದಾಗ ಪೋಣಿಸಿ ಕೊಟ್ರ ಅಂವ ತನಗ ತಿಳದಲ್ಲಿ ಕತ್ತರಸ್ತಾನ್ರಿ. ನೀವ ಮೊದಲ ಬಿಡಿಸಿ ಬಿಡಿಸಿ ಕೊಟ್ರ ಅವನ ಕೈಯಾಗ ಕತ್ರೀನ ಇರೂದಿಲ್ರಿ. ಖರೇ ಅಂದ್ರ ಅವನ್ನ ಕರಿಯೂ ಕಾರಣನ ಇಲ್ರಿ."

ನಾನು ಸುಮ್ಮನೆ ಕುಳಿತೆ. ಇದೇ ಮಾತನ್ನು ನಾನು ಪ್ರತಿವರ್ಷವೂ ಮೊದಲ ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುವ ಒಂದು ಉದಾಹರಣೆಯಿಂದ ಹೇಳುತ್ತಿದ್ದೆ. 'ನೀರಲ್ಲಿದೆ' ಎಂದು ಬರೆದು, ಬಿಡಿಸಿರೆಂದು ಕೇಳುವುದು ನನ್ನ ವಾಡಿಕೆ. ನೀರಲ್ಲಿ ಇದೆ ಎಂದರೆ ಏನೋ ಒಂದು ಮುಳುಗಿದೆ. ನೀರು ಅಲ್ಲಿ ಇದೆ ಎಂದರೆ ಬಾಯಾರಿದವನಿಗೆ ದಾರಿ ಸಿಕ್ಕಿತು. ಅಕ್ಷರಗಳಲ್ಲಿ ಒಂದು ರೇಖೆಯೂ ವ್ಯತ್ಯಾಸವಿಲ್ಲ. ಕತ್ತರಿಸುವವನಿಗೆ ಸಂದರ್ಭ ಗೊತ್ತಿರಬೇಕು. ಗೊತ್ತಿಲ್ಲದವನ ಕೈಗೆ ಕತ್ತರಿ ಕೊಡಬಾರದು.

ಸಂದರ್ಭ ಗೊತ್ತಿದ್ದವರು ಎಂಥ ಕೆಲಸ ಮಾಡಬಲ್ಲರೆಂಬುದಕ್ಕೆ ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಕೂಡಿಹಾಕಿ, ತೆರಪಿಲ್ಲದ ಆ ಸಾಲುಗಳಿಂದ ವಚನಗಳನ್ನು ಬಿಡಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ ಮರುವರ್ಷ 'ಶಿವಾನುಭವ' ಪತ್ರಿಕೆಯನ್ನೂ ಆರಂಭಿಸಿದರು. ಅವರ ಒಂದೊಂದು ಪದಚ್ಛೇದದ ಹಿಂದೆಯೂ ಇತರ ಪ್ರತಿಗಳ, ಛಂದಸ್ಸಿನ, ಶಾಸ್ತ್ರದ, ಆಡುಮಾತಿನ ತಿಳಿವಳಿಕೆ ಇದ್ದಿತು. ಶೆಲ್ಲಿಗೆ ತೆರಪೊಂದೇ ತಿಳಿದಿರುವುದು. ಹಾಗೆಂದು ಅದನ್ನು ಬೈಯುವುದೂ ಸಲ್ಲದು. ಮನುಷ್ಯನು ಬೆರಳಿನಿಂದ ಚುಟುಕಾಗಿ ಬರೆದುದನ್ನು ತಟ್ಟನೆ ನಡೆಯಿಸಲೆಂದು ಹುಟ್ಟಿದವನು ಅವನು. ಬರೆಯುವವನು ಕಣ್ಣೆದುರಿಗೇ ಕುಳಿತಿರುತ್ತಾನೆ, ಹೆಸರಿನಲ್ಲಿ ತೆರಪಿದ್ದರೆ ಉದ್ಧರಣ ಚಿಹ್ನೆ ಹಾಕುತ್ತಾನೆ ಎಂಬ ನಂಬಿಕೆಯ ಮೇಲೆ ಅವನ ವ್ಯಾಕರಣ ನಿಂತಿದೆ. ವಾಕ್ಯವನ್ನು ಮನುಷ್ಯನ ಬದಲು ಇನ್ನೊಂದು ಪ್ರೋಗ್ರಾಮು ಕಟ್ಟಿ ಕಳುಹಿಸಿದಾಗ ಆ ನಂಬಿಕೆ ಮುರಿಯುತ್ತದೆ.

ವಿದ್ಯಾರ್ಥಿ ಹೇಳಿದ ದಾರಿಗೆ ಪೈಥಾನಿನಲ್ಲಿ 'ಸಬ್‌ಪ್ರೊಸೆಸ್' ಎಂದು ಹೆಸರು. ೨೦೦೪ರಲ್ಲಿ ಅದು ಭಾಷೆಗೆ ಸೇರಿತು. ಅಲ್ಲಿ ವಾಕ್ಯವನ್ನು ಕೊಡುವುದಿಲ್ಲ, ಪಟ್ಟಿಯನ್ನು ಕೊಡುತ್ತೇವೆ: ಕೆಲಸಗಾರನ ಹೆಸರು ಒಂದು ತುಂಡು, ಒಂದೊಂದು ಸಾಮಗ್ರಿಯೂ ಒಂದೊಂದು ತುಂಡು. 'ಹಂತಿ ಹಳೆಯದು' ಎಂಬುದು ತೆರಪಿನೊಡನೆಯೇ ಒಂದೇ ತುಂಡಾಗಿ ಹೋಗಿ ತಲಪುತ್ತದೆ. ದುಭಾಷಿ ನಡುವೆ ಬರುವುದೇ ಇಲ್ಲ. 'ಚೆಕ್' ಎಂಬ ಒಂದು ಮಾತನ್ನು ಸೇರಿಸಿದರೆ, ಕೂಸು ಸೊನ್ನೆಯಲ್ಲದ ಸಂಖ್ಯೆಯನ್ನು ತಂದಾಗ ಪ್ರೋಗ್ರಾಮು ಅಲ್ಲಿಯೇ ನಿಂತು ಗದ್ದಲವೆಬ್ಬಿಸುತ್ತದೆ. ೨೫೬ನ್ನು ಕಸದ ಲೆಕ್ಕವೆಂದು ತಿಳಿಯುವ ಮೇಷ್ಟರಿಗೆ ಇದು ಅವಶ್ಯವಾದ ಏರ್ಪಾಡು. ಇನ್ನೂ ಒಂದು ಮಾತು. ಫೋಲ್ಡರನ್ನು ಅಳಿಸಲು, ಫೈಲನ್ನು ನಕಲು ಮಾಡಲು, ಹೆಸರುಗಳ ಪಟ್ಟಿ ಹಿಡಿಯಲು ಪೈಥಾನಿನಲ್ಲಿಯೇ ಅನುಕೂಲಗಳಿವೆ. ನಾನು ಅಂದು ಹೊರಗಿನವನನ್ನು ಕರೆಯಬೇಕಾದ ಅಗತ್ಯವೇ ಇರಲಿಲ್ಲ. ಇಮೇಜ್‌ಮ್ಯಾಜಿಕ್ಕಿನಂತಹ, ನಮ್ಮ ಭಾಷೆಯಲ್ಲಿ ಇಲ್ಲದ ಕೈಚಳಕಕ್ಕೆ ಮಾತ್ರ ಹೊರಗಿನವರನ್ನು ಕರೆಯುವುದು ಲೇಸು.

ತೆರಪು ಮಾತ್ರವಲ್ಲ, ಅರ್ಧವಿರಾಮವೂ ಅಪಾಯಕರವೇ. ಶೆಲ್ಲಿನ ವ್ಯಾಕರಣದಲ್ಲಿ ಅರ್ಧವಿರಾಮವೆಂದರೆ ಒಂದು ಆಜ್ಞೆ ಮುಗಿದು ಇನ್ನೊಂದು ಆರಂಭವಾಯಿತೆಂದು. ಪರಸ್ಥಳದವನು ಕಳುಹಿಸಿದ ಫೈಲಿನ ಹೆಸರಿನಲ್ಲಿಯೇ ಅರ್ಧವಿರಾಮ ಹಾಕಿ ಅದರ ಮುಂದೆ ಒಂದು ಅಳಿಸುವ ಆಜ್ಞೆಯನ್ನು ಬರೆದಿದ್ದರೆ, ನಮ್ಮ ಪ್ರೋಗ್ರಾಮು ಅದನ್ನು ಭಕ್ತಿಯಿಂದ ವಾಕ್ಯಕ್ಕೆ ಅಂಟಿಸಿ ನಡೆಯಿಸಿಯೇ ಬಿಡುತ್ತದೆ. ೨೦೧೪ರಲ್ಲಿ ಶೆಲ್‌ಶಾಕ್ ಎಂಬ ಹೆಸರಿನಿಂದ ಲೋಕವನ್ನು ಗಾಬರಿಗೊಳಿಸಿದ ಬ್ಯಾಶಿನ ದೋಷವೂ ಇದೇ ಕುಲದ್ದು: ಸಾಮಗ್ರಿಯೆಂದು ಒಳಗೆ ಬಂದ ಮಾತನ್ನು ಅದು ಆಜ್ಞೆಯೆಂದು ಓದುತ್ತಿತ್ತು. ಆ ದೋಷ ಬ್ಯಾಶ್ ಹುಟ್ಟಿದ ಹೊಸದರಿಂದಲೂ, ಸುಮಾರು ಇಪ್ಪತ್ತೈದು ವರ್ಷ, ಯಾರ ಕಣ್ಣಿಗೂ ಬೀಳದೆ ಕುಳಿತಿತ್ತು.

ಹೊಸಬರು ತಪ್ಪದೆ ಬೆರಗಾಗುವ ಇನ್ನೊಂದು ಸಂಗತಿಯಿದೆ. ಹಾಳೆಯಲ್ಲಿ ಆಶ್ಚರ್ಯಸೂಚಕ ಹಾಕಿ, ಬೇರೆ ಫೋಲ್ಡರಿಗೆ ಹೋಗೆಂದು 'ಸಿಡಿ' ಆಜ್ಞೆ ಕೊಡುತ್ತಾರೆ. ಮುಂದಿನ ಸಾಲಿನಲ್ಲಿ ನೋಡಿದರೆ ಇದ್ದಲ್ಲಿಯೇ ಇರುತ್ತಾರೆ. ಊರು ಬಿಟ್ಟುದು ಕೂಸು. ಅದು ಬೇರೆ ಊರಿಗೆ ಹೋಯಿತು, ಅಲ್ಲಿಯೇ ತೀರಿಹೋಯಿತು. ಅದರಿಂದ ತಾಯಿಯ ಮನೆ ಬದಲಾಗುವುದಿಲ್ಲ. ತಾಯಿಯೇ ಹೋಗಬೇಕಾದರೆ ಆಶ್ಚರ್ಯಸೂಚಕದ ಬದಲು ಶೇಕಡಾ ಚಿಹ್ನೆ ಹಾಕಬೇಕು.

ಇಷ್ಟೆಲ್ಲ ಆದ ಮೇಲೆ ನಾನು ಶೆಲ್ಲನ್ನು ತೊರೆದೆನೆಂದು ಓದುಗರು ಭಾವಿಸಬಾರದು. ಹಳಕಟ್ಟಿಯವರು ತೀರಿಕೊಂಡುದು ೧೯೬೪ರಲ್ಲಿ, ಆಲಮಟ್ಟಿಗೆ ಅಡಿಗಲ್ಲು ಬಿದ್ದ ವರ್ಷವೇ. ನಮ್ಮ ಕಾನೂನಿನಂತೆ ಅರವತ್ತು ವರ್ಷ ಕಳೆದು ೨೦೨೫ರ ಜನವರಿಯಿಂದ ಅವರ ಬರಹ ಎಲ್ಲರ ಸೊತ್ತಾಗಿದೆ. ಹಳೆಯ ಅಚ್ಚಿನ ಪುಟಗಳನ್ನು ಈಗ ಟೆಸೆರಾಕ್ಟ್ ಎಂಬ ಸಲಕರಣೆಯಿಂದ ಓದಿಸುತ್ತಿದ್ದೇನೆ. ಅದು ೧೯೮೦ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಹುಟ್ಟಿ ೨೦೦೫ರಲ್ಲಿ ಎಲ್ಲರಿಗೂ ಮುಕ್ತವಾಯಿತು, ಕನ್ನಡವನ್ನೂ ಓದುತ್ತದೆ. ಒಂದು ಪುಟಕ್ಕೆ ಐದು ತುಂಡುಗಳ ಪಟ್ಟಿ ಸಾಕು: ಸಲಕರಣೆಯ ಹೆಸರು, ಚಿತ್ರದ ಹೆಸರು, ಫಲಿತದ ಹೆಸರು, ಭಾಷೆಯನ್ನು ಸೂಚಿಸುವ ಗುರುತು, ಕನ್ನಡದ ಸಂಕೇತ. ಕೈಬರಹದ ಮುಂದೆ ಅದರ ಆಟ ನಡೆಯದು, ಅಚ್ಚಿನ ಮುಂದೆ ಸಾಕಷ್ಟು ನಡೆಯುತ್ತದೆ. ಒತ್ತಕ್ಷರಗಳಲ್ಲಿ ತಪ್ಪುತ್ತದೆ; ತಿದ್ದಲು ಮೇಷ್ಟರು ಇದ್ದೇ ಇದ್ದಾರೆ.

ಹೀಗೆ ಬಂದ ಪಠ್ಯವನ್ನು ಎಣಿಸುವಲ್ಲಿಯೂ ಒಂದು ವಿನೋದವುಂಟು. ಯುನಿಕ್ಸಿನ 'ಡಬ್ಲ್ಯೂಸಿ' ಎಂಬ ಎಣಿಕೆಗಾರನಿಗೆ ಬಸವಣ್ಣ ಎಂಬ ಹೆಸರನ್ನು ಶೆಲ್ಲಿನ 'ಎಕೋ' ಮೂಲಕ ಕಳುಹಿಸಿ, ಬೈಟುಗಳೆಷ್ಟೆಂದು ಕೇಳಿದೆ. ಉತ್ತರ ೧೯. ನಮ್ಮ ಛಂದಸ್ಸಿಗೆ ಅದು ನಾಲ್ಕು ಅಕ್ಷರ. ಯುನಿಕೋಡಿಗೆ ಆರು, ಏಕೆಂದರೆ ಕೊನೆಯ ಒತ್ತಿನಲ್ಲಿ ಣಕಾರ ಎರಡು, ನಡುವೆ ವಿರಾಮಚಿಹ್ನೆ ಒಂದು. ಒಂದೊಂದಕ್ಕೆ ಮೂರು ಬೈಟಿನಂತೆ ಹದಿನೆಂಟಾಯಿತು. ಹತ್ತೊಂಬತ್ತನೆಯದು, ಎಕೋ ತಾನಾಗಿ ಕೊನೆಗೆ ಸೇರಿಸಿದ ಸಾಲುಮುರಿತ. ಕಣ್ಣಿಗೆ ಕಾಣದ ತೆರಪೇ ಇಲ್ಲಿಯೂ!

ಎಂಬತ್ತು ಪುಟಗಳ ಮಾತು ಉಳಿಯಿತು. ಆ ವೃದ್ಧರಿಗೆ ನಾನು ನಡೆದುದನ್ನು ಮುಚ್ಚಿಡದೆ ಹೇಳಿದೆ. ಅವರಿಗೆ ಶೆಲ್ ತಿಳಿಯದು. ನನ್ನ ಕೈತಪ್ಪಿನಿಂದ ಹೋಯಿತೆಂಬುದಷ್ಟು ತಿಳಿಯಿತು. ಬಯ್ಯಲಿಲ್ಲ. "ಬಾಯಿಲೆ ಹೇಳಪಾ ಅಂದ್ರ ಬರೂದಿಲ್ರೀ ಮಾಸ್ತರ, ಕಣದಾಗ ತಿರುಗಿದ್ರ ಬರತಾವು" ಎಂದರು. ಕಣ ಎಲ್ಲಿಂದ ತರುವುದು? ಮರುವರ್ಷದ ಸುಗ್ಗಿಯಲ್ಲಿ, ಅವರ ಅಳಿಯನ ಹೊಲದಲ್ಲಿ, ಎತ್ತುಗಳಿಲ್ಲದೆ, ಮೇಟಿಯ ಬದಲು ಒಂದು ಗೂಟ ನೆಟ್ಟು ಅದರ ಸುತ್ತ ಅವರು ನಿಧಾನವಾಗಿ ನಡೆದರು. ನಾನು ಫೋನು ಹಿಡಿದು ಹಿಂದೆ ನಡೆದೆ. ಹನ್ನೊಂದು ಪದಗಳು ಬಂದವು. ಆ ಎಂಬತ್ತು ಪುಟಗಳಲ್ಲಿ ಎಷ್ಟು ಪದಗಳಿದ್ದವೆಂದು ಕೇಳಿದರೆ, ಎಣಿಸಿರಲಿಲ್ಲವೆಂದರು.

ಧ್ವನಿಯ ಫೈಲುಗಳ ಮೂರು ಪ್ರತಿಗಳು ಮೂರು ಕಡೆ ಇವೆ. ಫೋಲ್ಡರಿನ ಹೆಸರು 'ಹಂತಿಪದ', ಅವರು ಬರೆಯುತ್ತಿದ್ದಂತೆ ಕೂಡಿಸಿಯೇ ಬರೆದಿದ್ದೇನೆ.